ನಿಯಮಗಿರಿಯ 12 ಗ್ರಾಮಸಭೆಗಳ "ಬೇಡ" ಉಳಿಯಿತು, ಬೇರೆ ಕಡೆ ಯಾಕೆ ಉಳಿಯುತ್ತಿಲ್ಲ?

ಹೊಂಗೆನೆರಳು
ಒಡಿಶಾದ ನಿಯಮಗಿರಿ ಮಾತು ಬಂದಾಗೆಲ್ಲ "ಅಲ್ಲಿನ ಆದಿವಾಸಿ ಡೊಂಗರಿಯಾ ಕೊಂಧರು ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗೆ ಬಂದ ವೇದಾಂತ ಕಂಪನಿಯನ್ನ ಸೋಲಿಸಿದ್ರು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತೀವಿ. ಹೇಗೆ ಅಂತ ಕೇಳಿದ್ರೆ "2013ರ ಸುಪ್ರೀಂ ಕೋರ್ಟ್ ತೀರ್ಪು" ಅಂತಾರೆ. ಅದೇ ತೀರ್ಪು ಛತ್ತೀಸಗಢದ ಹಸ್ದೇವ್ ಕಾಡಿನವರ ಕೈಲೂ ಇತ್ತಲ್ಲ, ಅಲ್ಲಿ ಕಲ್ಲಿದ್ದಲು ಗಣಿ ನಡೀತಾನೇ ಇದೆ.

ಗೊತ್ತಿರೋರು ಹೇಳಿ: ನಿಯಮಗಿರಿಯಲ್ಲಿ ಕಾಗದದ ಮೇಲೆ ಏನೇನು ಆಯ್ತು? ಬೇರೆ ಕಡೆ ಎಲ್ಲಿ ತಪ್ಪುತ್ತೆ? ನಮ್ಮ ಆದಿವಾಸಿ ಹಾಡಿ, ಪೋಡುಗಳಲ್ಲಿ ಅದೇ ದಾರಿ ಹಿಡಿಯೋಕೆ ಆಗುತ್ತಾ? ಘೋಷಣೆ, ಹಾಡು ಎಲ್ಲ ಇರಲಿ, ಈ ಸಲ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ನಕ್ಷೆ, ಠರಾವು ಇಟ್ಕೊಂಡು ಮಾತಾಡೋಣ.

ಕಡತಮನೆ
ಒಳ್ಳೆ ಪ್ರಶ್ನೆ. ಮೊದಲು ದಿನಾಂಕಗಳನ್ನು ಸರಿಯಾಗಿ ಜೋಡಿಸಿಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ದಿಕ್ಕು ತಪ್ಪುತ್ತದೆ.

ಬೆಟ್ಟ ಇರುವುದು ರಾಯಗಡ ಮತ್ತು ಕಾಳಹಂಡಿ ಜಿಲ್ಲೆಗಳ ಗಡಿಯಲ್ಲಿ. ಬುಡದ ಲಾಂಜಿಗಢದಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವ ವೇದಾಂತದ ರಿಫೈನರಿ, ಮೇಲಿನ ಬಾಕ್ಸೈಟ್ ತೆಗೆಯಲು 660.749 ಹೆಕ್ಟೇರ್ ಕಾಡು ಬೇಕು ಎಂಬ ಅರ್ಜಿ. ರಿಫೈನರಿಗೆ 2004ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಗಣಿ ಅನುಮತಿಯನ್ನು ಬೇರೆಯಾಗಿಟ್ಟರು. ಕಾರ್ಖಾನೆ ಮೊದಲು ಎದ್ದು ನಿಂತಿತು, ಆಮೇಲೆ "ಇಷ್ಟು ದುಡ್ಡು ಹಾಕಿದ್ದೇವೆ, ಅದಿರು ಕೊಡಿ" ಎಂಬ ಒತ್ತಡ ಶುರುವಾಯಿತು. 2008ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಷರತ್ತಿನ ಮೇಲೆ ಹಾದಿ ಬಿಟ್ಟಿತ್ತು, ಡಿಸೆಂಬರಿನಲ್ಲಿ ಅರಣ್ಯದ ಮೊದಲ ಹಂತದ ಒಪ್ಪಿಗೆಯೂ ಬಂತು. ಅಂದರೆ ಆ ಹೊತ್ತಿಗೆ ಪ್ರಕರಣ ಹೆಚ್ಚುಕಡಿಮೆ ಕೈತಪ್ಪಿತ್ತು.

ತಿರುವು ಕೊಟ್ಟದ್ದು ಕಾಡಿನಲ್ಲಿ ಬಾಳುವವರ ಹಕ್ಕುಗಳನ್ನು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆ. 2009ರ ಆಗಸ್ಟ್ 3ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿತು: ಕಾಡನ್ನು ಬೇರೆ ಬಳಕೆಗೆ ಕೊಡುವ ಮುಂಚೆ ಹಕ್ಕುಗಳ ಇತ್ಯರ್ಥ ಮುಗಿದಿರಬೇಕು, ಗ್ರಾಮಸಭೆಯ ಒಪ್ಪಿಗೆ ಲಿಖಿತವಾಗಿ ಇರಬೇಕು. ಸಚಿವಾಲಯ ನೇಮಿಸಿದ್ದ ಎನ್.ಸಿ. ಸಕ್ಸೇನಾ ಸಮಿತಿ 2010ರ ಆಗಸ್ಟಿನಲ್ಲಿ ವರದಿ ಕೊಟ್ಟು ಇಲ್ಲಿ ಆ ಕೆಲಸ ಆಗಿಲ್ಲ ಎಂದಿತು. 26.123 ಹೆಕ್ಟೇರ್ ಹಳ್ಳಿಕಾಡು ರಿಫೈನರಿ ಆವರಣದೊಳಗೆ ಸೇರಿಹೋಗಿದೆ ಎಂದೂ ಬರೆಯಿತು. ಆಗಸ್ಟ್ 24ರಂದು ಸಚಿವ ಜೈರಾಮ್ ರಮೇಶ್ ಎರಡನೇ ಹಂತದ ಅನುಮತಿ ನಿರಾಕರಿಸಿದರು. ಕೋರ್ಟಿಗೆ ಹೋದದ್ದು ವೇದಾಂತ ಅಲ್ಲ, ರಾಜ್ಯ ಸರ್ಕಾರದ ಒಡಿಶಾ ಮೈನಿಂಗ್ ಕಾರ್ಪೊರೇಷನ್. ತೀರ್ಪು ಬಂದದ್ದು 2013ರ ಏಪ್ರಿಲ್ 18ಕ್ಕೆ. 12 ಗ್ರಾಮಸಭೆಗಳು ಜುಲೈ 18ರಿಂದ ಆಗಸ್ಟ್ 19ರವರೆಗೆ ನಡೆದವು, ಹನ್ನೆರಡೂ "ಬೇಡ" ಎಂದವು. 2014ರ ಜನವರಿಯಲ್ಲಿ ಸಚಿವಾಲಯ ಅಂತಿಮವಾಗಿ ತಿರಸ್ಕರಿಸಿತು. 2016ರಲ್ಲಿ ಮತ್ತೆ ಗ್ರಾಮಸಭೆ ಕರೆಯಲು ಅನುಮತಿ ಕೇಳಿದ ಅರ್ಜಿಯನ್ನೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ದಂಡಕಾರಣ್ಯ_ದಾರಿ
ಒಂದು ತಿದ್ದುಪಡಿ ಅಲ್ಲ, ಒಂದು ಒತ್ತು. ತೀರ್ಪು "ಆದಿವಾಸಿಗಳಿಗೆ ವೀಟೊ ಇದೆ" ಅಂತ ಎಲ್ಲೂ ಹೇಳಿಲ್ಲ. ಸಾಮುದಾಯಿಕ, ಸಾಂಸ್ಕೃತಿಕ, ಧಾರ್ಮಿಕ ಹಕ್ಕುಗಳ ಬಗ್ಗೆ ಗ್ರಾಮಸಭೆ ತೀರ್ಮಾನಿಸಲಿ, ಅದನ್ನು ನೋಡಿ ಸಚಿವಾಲಯ ಎರಡು ತಿಂಗಳಲ್ಲಿ ನಿರ್ಧರಿಸಲಿ, ಇಷ್ಟೇ. ಬೆಟ್ಟದ ದೇವರು ನಿಯಮರಾಜನ ಪೂಜೆಗೆ ಗಣಿಯಿಂದ ಧಕ್ಕೆ ಆಗುವುದಾದರೆ ಆ ಹಕ್ಕನ್ನು ಕಾಪಾಡಲೇಬೇಕು ಎಂದು ಸಂವಿಧಾನದ 25, 26ನೇ ವಿಧಿಗಳ ಬಲದ ಮೇಲೆ ಹೇಳಿತು. ಬೇರೆ ಊರಿನವರು ಇದನ್ನು ವೀಟೊ ಅಂದುಕೊಂಡು "ನಮಗೆ ಗಣಿ ಬೇಡ" ಎಂದು ಒಂದೇ ವಾಕ್ಯದ ಠರಾವು ಮಾಡುತ್ತಾರೆ. ಕೋರ್ಟಿನಲ್ಲಿ ಅದಕ್ಕೆ ಹಿಡಿಪು ಇರಲ್ಲ. ಯಾವ ಹಕ್ಕು, ಯಾವ ಜಾಗ, ಗಣಿ ಬಂದರೆ ಆ ಹಕ್ಕಿಗೆ ಏನಾಗುತ್ತೆ, ಈ ಮೂರೂ ಠರಾವಿನಲ್ಲಿ ಇರಬೇಕು.

ಹೊಂಗೆನೆರಳು
ಇದು ನನಗೆ ಹೊಸದು. ಹಾಗಿದ್ರೆ ಆ 12 ಠರಾವುಗಳಲ್ಲಿ ಜಾಗ ಹೇಗೆ ಗುರುತಿಸಿದ್ರು? ಗುಡಿ ಇದೆಯಾ ಅಲ್ಲಿ?

ದಂಡಕಾರಣ್ಯ_ದಾರಿ
ಅಲ್ಲೇ ಇರೋದು ಕೀಲಿಕೈ. ಗಣಿ ಪ್ರದೇಶ ಪೂಜೆಯ ಶಿಖರದಿಂದ ಸುಮಾರು 10 ಕಿ.ಮೀ. ದೂರ ಇದೆ, ಹಾಗಿರುವಾಗ ದೇವರ ನೆಲೆಗೆ ತೊಂದರೆ ಆಗುತ್ತಾ ಅನ್ನೋದನ್ನ ಗ್ರಾಮಸಭೆಯೇ ನೋಡಲಿ ಎಂದು ಕೋರ್ಟ್ ಬಿಟ್ಟಿತ್ತು. ಜನ "ಇಂಥ ಕಡೆ ಗುಡಿ, ಇಷ್ಟು ಎಕರೆ" ಎಂದು ಗೆರೆ ಹಾಕಿಸಿಕೊಳ್ಳಲು ಒಪ್ಪಲೇ ಇಲ್ಲ. ಇಡೀ ಬೆಟ್ಟಸಾಲು ನಿಯಮರಾಜನದು, ಹೊಳೆಗಳು ಅವನವು, ತುದಿಯ ಕಾಡು ಕಡಿಯಬಾರದು ಅನ್ನುವುದೇ ಅವನ ನಿಯಮ ಎಂದು ಹೇಳಿ ಬರೆಸಿದರು. ಎರಡು ಎಕರೆಯ ಗುಡಿ ಎಂದು ಬರೆಸಿದ್ದರೆ ಆ ಎರಡು ಎಕರೆಗೆ ಬೇಲಿ ಹಾಕಿ ಉಳಿದದ್ದನ್ನು ಅಗೆಯುತ್ತಿದ್ದರು.

ಸುರಂಗದಬಾವಿ
ಹೊಳೆಯ ವಿಷಯ ನಾನು ಹೇಳ್ತೇನೆ, ಇದು ಬರೀ ನಂಬಿಕೆಯ ಮಾತಲ್ಲ ಮಾರಾಯ್ರೆ. ನಮ್ಮ ಕಡೆ ಮುರಕಲ್ಲು ಗುಡ್ಡೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವುದುಂಟಲ್ಲ, ಯಾಕೆ ನೀರು ಸಿಗ್ತದೆ? ಮುರಕಲ್ಲು ಅಂದರೆ ಜಂಬಿಟ್ಟಿಗೆ, ಅದು ಸ್ಪಂಜಿನ ಹಾಗೆ, ಮಳೆಗಾಲದಲ್ಲಿ ಕುಡೀತದೆ. ಕೆಳಗೆ ಜೇಡಿಯ ಪದರ ಉಂಟು, ಅದು ನೀರು ಕೆಳಗಿಳಿಯಲು ಬಿಡುವುದಿಲ್ಲ. ಎರಡೂ ಸೇರುವ ಗೆರೆಯಲ್ಲಿ ನೀರು ಅಡ್ಡಕ್ಕೆ ಜಿನುಗ್ತದೆ.

ನಿಯಮಗಿರಿಯಲ್ಲಿಯೂ ಅದೇ ರಚನೆ. ತುದಿ ಮೇಜಿನ ಹಾಗೆ ಚಪ್ಪಟೆ. ಮೇಲೆ ಜಂಬಿಟ್ಟಿಗೆ ಮತ್ತು ಬಾಕ್ಸೈಟ್, ಅದರ ಕೆಳಗೆ ಅರ್ಧ ಜೇಡಿಯಾದ ಕಲ್ಲು, ಇನ್ನೂ ಕೆಳಗೆ ಗಟ್ಟಿ ಖೊಂಡಲೈಟ್. ಬೇಸಗೆಯಲ್ಲಿಯೂ ಪಕ್ಕದ ಇಳಿಜಾರಿನಲ್ಲಿ ತೊರೆ ಹರಿಯುವುದು ಈ ಮೇಲಿನ ಟೊಪ್ಪಿಯಿಂದ. ವಂಶಧಾರಾ ನದಿಯ ಮೂಲ ಅಲ್ಲಿಯದ್ದೇ. ಗಣಿ ಅಂದರೆ ಆ ಟೊಪ್ಪಿಯನ್ನೇ ತೆಗೆಯುವುದು. ಸ್ಫೋಟದ ಬಿರುಕಿನಿಂದ ನೀರು ಇನ್ನೂ ಚೆನ್ನಾಗಿ ಇಂಗ್ತದೆ ಅಂತ ಗಣಿ ಪರದವರ ವಾದ ಉಂಟು. ಇಂಗಬಹುದು, ಆದರೆ ಇಂಗಿದ್ದು ನಿಲ್ಲಲಿಕ್ಕೆ ಮೇಲೆ ಕಲ್ಲೇ ಇಲ್ಲವಲ್ಲ!

ಅಂದ ಹಾಗೆ ಖೊಂಡಲೈಟ್ ಎಂಬ ಹೆಸರು ಬಂದದ್ದೇ ಕೊಂಧ ಜನರಿಂದ. ಭೂಗರ್ಭ ಶಾಸ್ತ್ರದವರು ಆ ಕಲ್ಲಿಗೆ ಅವರದೇ ಹೆಸರಿಟ್ಟರು.

ಮಸೂರಿಅಕ್ಕಿ
ಖೊಂಡಲೈಟ್ ವಿಷಯ ಗೊತ್ತೇ ಇರ್ಲಿಲ್ಲ. ಥ್ಯಾಂಕ್ಸ್.

ಲೋಹಪಥ
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಅಲ್ಯೂಮಿನಿಯಂ ಇಲ್ಲದೆ ವಿದ್ಯುತ್ ತಂತಿ ಇಲ್ಲ, ರೈಲು ಬೋಗಿ ಇಲ್ಲ, ಅಡುಗೆಮನೆಯ ಕುಕ್ಕರ್ ಇಲ್ಲ. ದೇಶದ ಬಾಕ್ಸೈಟ್ ನಿಕ್ಷೇಪದ ದೊಡ್ಡ ಪಾಲು ಒಡಿಶಾದ ಈ ಬೆಟ್ಟಗಳ ತುದಿಯಲ್ಲೇ ಇದೆ. ಎಲ್ಲ ಬೆಟ್ಟಕ್ಕೂ ದೇವರಿದ್ದಾನೆ ಎಂದರೆ ಅದಿರು ಎಲ್ಲಿಂದ ತರುವುದು? ಬಾಕ್ಸೈಟ್ ಗಣಿಯಲ್ಲಿ ಪಟ್ಟಿಪಟ್ಟಿಯಾಗಿ ತೆಗೆದು ಹಿಂದೆಯೇ ಮಣ್ಣು ಮುಚ್ಚಿ ಗಿಡ ನೆಡುತ್ತಾರೆ, ಇದು ಆಳದ ಕಲ್ಲಿದ್ದಲು ಗಣಿಯಂತಲ್ಲ. ಕಂಪನಿ ಸ್ಥಳೀಯ ಅಭಿವೃದ್ಧಿಗೆ ವರ್ಷಕ್ಕೆ 10 ಕೋಟಿ ಅಥವಾ ಲಾಭದ ಶೇ. 5, ಯಾವುದು ಹೆಚ್ಚೋ ಅದನ್ನು ಕೊಡಬೇಕೆಂದು 2008ರಲ್ಲಿ ಕೋರ್ಟೇ ಷರತ್ತು ಹಾಕಿತ್ತು. 

ಕಡತಮನೆ
ಲೋಹಪಥ ಸರ್, ಪ್ರಶ್ನೆ ನ್ಯಾಯವಾದದ್ದೇ, ಲೆಕ್ಕ ಹಾಕೋಣ. ನಿಯಮಗಿರಿಯ ನಿಕ್ಷೇಪ ಸುಮಾರು 7.2 ಕೋಟಿ ಟನ್. 1 ಟನ್ ಅಲ್ಯೂಮಿನಾಕ್ಕೆ 3 ಟನ್ ಬಾಕ್ಸೈಟ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ರಿಫೈನರಿಗೆ 30 ಲಕ್ಷ ಟನ್ ಅದಿರು, ಅಂದರೆ 24 ವರ್ಷ. ಆದರೆ ಸಾಮರ್ಥ್ಯವನ್ನು 60 ಲಕ್ಷ ಟನ್ನಿಗೆ ಏರಿಸುವ ಯೋಜನೆ ಆಗಲೇ ಇತ್ತು. ಹಾಗಾದರೆ ಬೇಕಾದದ್ದು ವರ್ಷಕ್ಕೆ 1.8 ಕೋಟಿ ಟನ್. ಬೆಟ್ಟ 4 ವರ್ಷಕ್ಕೆ ಖಾಲಿ. ಸಕ್ಸೇನಾ ಸಮಿತಿಯೂ ಇದನ್ನೇ ಎತ್ತಿ ತೋರಿಸಿತ್ತು. ನಾಲ್ಕು ವರ್ಷದ ಅದಿರಿಗಾಗಿ ನದಿಯ ತಲೆ ತೆಗೆಯಬೇಕೇ ಎನ್ನುವುದು ನನ್ನ ಪ್ರಶ್ನೆ.

ಇನ್ನು 1 ಟನ್ ಅಲ್ಯೂಮಿನಾ ಆದಾಗ 1ರಿಂದ 1.5 ಟನ್ ಕೆಂಪು ಕೆಸರು ಉಳಿಯುತ್ತದೆ. ಕಾಸ್ಟಿಕ್ ಸೋಡಾ ಬೆರೆತದ್ದು, ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಅದನ್ನು ಒಡ್ಡು ಕಟ್ಟಿ ಕೆರೆಯಂತೆ ನಿಲ್ಲಿಸುತ್ತಾರೆ. ಒಡ್ಡು ಸೋರಿದರೆ ಹೋಗುವುದು ಅದೇ ವಂಶಧಾರೆಗೆ.

ಲೋಹಪಥ
4 ವರ್ಷದ ಲೆಕ್ಕ ಒಪ್ಪಿದೆ, ವಿಸ್ತರಣೆ ಆಗಿದ್ದರೆ. ಗಿಡ ನೆಡುವ ಮಾತನ್ನು ಮಾತ್ರ ಬಿಟ್ಟುಕೊಡಲ್ಲ.

ಸುರಂಗದಬಾವಿ
ಗಿಡ ನೆಡಬಹುದು ಸರ್. ಜಂಬಿಟ್ಟಿಗೆ ನೆಡಲಿಕ್ಕೆ ಆಗುವುದಿಲ್ಲ.

ಕಪ್ಪತಗಾಳಿ
ನಮ್ಮ ಗದಗ ಜಿಲ್ಲಾದಾಗ ಕಪ್ಪತಗುಡ್ಡದ್ದೂ ಇದೇ ಕಥಿ ನೋಡ್ರಿ. ಬಂಗಾರದ ಗಣಿ ಬೇಕಂದ್ರು, ಜನ ಬ್ಯಾಡಂದ್ರು, ಸಂರಕ್ಷಿತ ಪ್ರದೇಶ ಅಂತ ಮಾಡಿದ್ರು, ಮತ್ತ ತಗದ್ರು, ಮತ್ತ ಮಾಡಿದ್ರು, ಕಡೀಕ 2019ರಾಗ ವನ್ಯಜೀವಿ ಧಾಮ ಆತು. ಗುಡ್ಡ ಉಳೀತು. ಹಂಗಾದ್ರ ವನ್ಯಜೀವಿ ಕಾಯ್ದೆ ಸುಲಭ ದಾರಿ ಅಲ್ಲೇನ್ರಿ? ಅರಣ್ಯ ಹಕ್ಕು, ಗ್ರಾಮಸಭೆ ಅಂತ ಯಾಕ ಇಷ್ಟು ಸುತ್ತಾಟ?

ಪೋಡುದನಿ
ಅಣ್ಣಾ, ಗುಡ್ಡ ಉಳಿಯೋದು ಒಂದು, ಗುಡ್ಡದ ಜನ ಉಳಿಯೋದು ಇನ್ನೊಂದು. ಕಾಡೊಳಗೆ ಮನೆ, ದೇವರು, ಜೇನು, ಗೆಡ್ಡೆ ಎಲ್ಲ ಇರೋರಿಗೆ ಧಾಮ ಅಂತ ಆದಾಗ ಗಣಿಯೋನು ಹೋಗ್ತಾನೆ, ಜೊತೆಗೆ ಅವರನ್ನೂ ಹೊರಗೆ ಹಾಕೋ ಮಾತು ಬರುತ್ತೆ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಮೀಸಲು ಆಯ್ತು. ಅದೇ ವರ್ಷ ಅಕ್ಟೋಬರ್ 2ಕ್ಕೆ 25 ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ತು. ಹುಲಿ ಮೀಸಲಿನೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಕಾಗದ ಇರೋದ್ರಿಂದಲೇ ಪೋಡಿನವರು ಮಾತಾಡೋ ಜಾಗದಲ್ಲಿ ಕೂತಿದ್ದಾರೆ.

ಕಾಗದದ ಹಿಂದೆ ನಕ್ಷೆ ಕೆಲಸ ಇತ್ತು. ಸೋಲಿಗರಲ್ಲಿ ಪ್ರತಿ ಕುಲಕ್ಕೂ ಒಂದು ಯೆಲ್ಲೆ ಇರುತ್ತೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಐದು ನೆಲೆ. ಕಲ್ಲುಗುಡಿ ಅಂದ್ರೆ ಸತ್ತೋರ ಜಾಗ, ಅಬ್ಬಿ ಅಂದ್ರೆ ನೀರು. ಹಿರಿಯರನ್ನ ಮುಂದೆ ಬಿಟ್ಟು, ಹಿಂದೆ ಜಿಪಿಎಸ್ ಹಿಡಿದು ನಡೆದು ಇಂಥ ನೂರಾರು ಜಾಗ ಗುರುತು ಮಾಡಿದ್ರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಬಳಿದಿದ್ದ ಕಡೆ ಹೆಸರು ತುಂಬಿಕೊಳ್ತು. ಮೇಲೆ ಹೇಳಿದ ನಿಯಮರಾಜನ ಮಾತಿಗೂ ಇದಕ್ಕೂ ಸಂಬಂಧ ಇದೆ: ಗಡಿಯನ್ನ ಆ ಜನರ ಲೆಕ್ಕದಲ್ಲೇ ಹಾಕಬೇಕು.

ಕಪ್ಪತಗಾಳಿ
ತಿಳೀತ್ರಿ. ಧಾಮ ಆದ್ರ ಜನರಿಗೂ ಬಾಗಿಲು ಹಾಕ್ತಾರ ಅನ್ನೋದು ತಲಿಗೆ ಬಂದಿರಲಿಲ್ಲ.

ಹೊಂಗೆನೆರಳು
ಪೋಡುದನಿ, ಒಂದು ಹಾಡಿಯವರು ಇವತ್ತು ಶುರು ಮಾಡಬೇಕು ಅಂದ್ರೆ ಹೆಜ್ಜೆ ಹೇಗೆ? ಅರಣ್ಯ ಹಕ್ಕಿನ ಅರ್ಜಿಗೆ ನಮೂನೆ ಎ, ಬಿ, ಸಿ ಅಂತ ಇದಾವಲ್ಲ, ಯಾವುದು?

ಪೋಡುದನಿ
ಎ ವೈಯಕ್ತಿಕ ಜಮೀನಿಗೆ, ಗರಿಷ್ಠ 4 ಹೆಕ್ಟೇರ್, 2005ರ ಡಿಸೆಂಬರ್ 13ಕ್ಕೆ ಮುಂಚೆ ಅನುಭವದಲ್ಲಿ ಇರಬೇಕು. ಬಿ ಸಮುದಾಯದ ಬಳಕೆಗೆ: ಸೌದೆ, ಜೇನು, ಮೇವು, ಮೀನು. ಸಿ ಅಂದ್ರೆ ಸಾಮುದಾಯಿಕ ಅರಣ್ಯ ಸಂಪನ್ಮೂಲ, ಕಾಡನ್ನ ಕಾಯುವ, ನಿರ್ವಹಿಸುವ ಹಕ್ಕು. ಗಣಿ ವಿರುದ್ಧ ನಿಲ್ಲೋಕೆ ಬಲ ಕೊಡೋದು ಸಿ. ಜನ ಎ ಹಾಕಿ ಸುಮ್ಮನಾಗ್ತಾರೆ. ಎ ಸಿಕ್ಕರೆ ನಿಮ್ಮ ಎರಡು ಎಕರೆ ನಿಮ್ದು, ಪಕ್ಕದ ಬೆಟ್ಟ ಯಾರದ್ದೂ ಅಲ್ಲ ಅಂತ ಆಗುತ್ತೆ.

ಮೊದಲು ಗ್ರಾಮಸಭೆ ಸೇರಿ ಅರಣ್ಯ ಹಕ್ಕು ಸಮಿತಿ ಮಾಡ್ಕೊಳ್ಳಬೇಕು. 10ರಿಂದ 15 ಜನ, ಮೂರರಲ್ಲಿ ಎರಡು ಭಾಗ ಪರಿಶಿಷ್ಟ ಪಂಗಡದೋರು, ಮೂರನೇ ಒಂದು ಭಾಗ ಹೆಂಗಸರು. ಸಮಿತಿ ಅರ್ಜಿ ತಗೊಂಡು, ಅರಣ್ಯ ಇಲಾಖೆಗೆ ಮುಂಚೆ ತಿಳಿಸಿ, ಜಾಗ ನೋಡಿ ನಕ್ಷೆ ಬರೀಬೇಕು. ನಕ್ಷೆಯಲ್ಲಿ ಬಂಡೆ, ಹಳ್ಳ, ಹಳೇ ಮರ, ಕಾಲುದಾರಿ ಅಂತ ಗುರುತು ಇರಲಿ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಇರಲಿ, ಪಕ್ಕದ ಹಾಡಿಯವರ ಒಪ್ಪಿಗೆ ಸಹಿ ಇರಲಿ. ಕನಿಷ್ಠ ಎರಡು ಸಾಕ್ಷ್ಯ ಬೇಕು. ಹಿರಿಯರ ಹೇಳಿಕೆ ಬರೆದುಕೊಂಡದ್ದು ಒಂದು ಸಾಕ್ಷ್ಯವೇ. ಆದ್ರೆ ಆ ಹಿರಿಯರು ಅರ್ಜಿದಾರರಾಗಿರಬಾರದು, ಇಲ್ಲಿ ಬಹಳ ಜನ ತಪ್ತಾರೆ. ಉಪಗ್ರಹ ಚಿತ್ರ ಇಲ್ಲ ಅಂತ ಅರ್ಜಿ ತಳ್ಳಿಹಾಕೋ ಹಾಗಿಲ್ಲ, ಅದು ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ.

ಆಮೇಲೆ ಗ್ರಾಮಸಭೆ ಠರಾವು, ಅಲ್ಲಿಂದ ಎಸಿ ಕಚೇರಿಯ ಉಪವಿಭಾಗ ಸಮಿತಿ, ಅಲ್ಲಿಂದ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ತಿರಸ್ಕಾರ ಆದ್ರೆ ಕಾರಣ ಬರೆದು ಕೊಡಬೇಕು, ಮೇಲ್ಮನವಿಗೆ 60 ದಿನ.

ನೇಗಿಲಗೆರೆ
ಗ್ರಾಮಸಭೆಗೆ ಮೂರನೇ ಎರಡು ಭಾಗ ಜನ ಬರಬೇಕು ಅನ್ನೋದನ್ನ ಬಿಟ್ಟಿದ್ದೀರಿ.

ಕಡತಮನೆ
ಅದು 2008ರ ನಿಯಮ. 2012ರ ಸೆಪ್ಟೆಂಬರಿನ ತಿದ್ದುಪಡಿ ಆದ ಮೇಲೆ ಅರ್ಧಕ್ಕೆ ಇಳಿದಿದೆ. ಒಟ್ಟು ಸದಸ್ಯರಲ್ಲಿ ಅರ್ಧ ಜನ, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಹಕ್ಕಿನ ಅರ್ಜಿ ಮೇಲೆ ಠರಾವಾದರೆ ಅರ್ಜಿದಾರರಲ್ಲಿ ಶೇ. 50 ಜನ ಅಥವಾ ಅವರ ಪ್ರತಿನಿಧಿಗಳು ಇರಬೇಕು.

ಇಲ್ಲೇ ಕರ್ನಾಟಕದಲ್ಲಿ ಸಿಕ್ಕಿಬೀಳುವುದು. ನಮ್ಮ ಪಂಚಾಯತ್ ರಾಜ್ ಕಾನೂನಿನ ಗ್ರಾಮಸಭೆ ಎಂದರೆ ಇಡೀ ಗ್ರಾಮ ಪಂಚಾಯಿತಿ. ಅದರಲ್ಲಿ ಎಂಟು ಹತ್ತು ಊರು, ನಡುವೆ ಎರಡು ಹಾಡಿ. ಅಲ್ಲಿ ಅರ್ಧ ಕೋರಂ ಎಂದೂ ಆಗದು, ಆದರೂ ಹಾಡಿಯವರ ಕೈ ಎಣಿಕೆಗೇ ಬರದು. ಬುಡಕಟ್ಟು ಸಚಿವಾಲಯದ 2012ರ ಜುಲೈ ಮಾರ್ಗಸೂಚಿ ಹಾಡಿ ಮಟ್ಟದಲ್ಲೇ ಸಭೆ ಕರೆಯಲು ಹೇಳುತ್ತದೆ. ಅರ್ಜಿಯ ಮೊದಲ ಪುಟದಲ್ಲೇ "ಇದು ಅರಣ್ಯ ಹಕ್ಕು ಕಾಯ್ದೆಯಡಿ ಇಂಥ ಹಾಡಿಯ ಗ್ರಾಮಸಭೆ" ಎಂದು ಬರೆಯಿರಿ. ನಿಯಮಗಿರಿಯಲ್ಲಿ ಸಣ್ಣ ಸಣ್ಣ ಹಳ್ಳಿಗಳಿಗೆ ಒಂದೊಂದು ಸಭೆ ನಡೆಯಿತು. ಕಾಳಹಂಡಿ ಕಡೆಯ ಇಜಿರುಪಾದಲ್ಲಿ ಇದ್ದದ್ದು ಒಂದೇ ಕುಟುಂಬ. ಅದಕ್ಕೂ ಒಂದು ಸಭೆ, ಅದರ ಮಾತಿಗೂ ಸಮನಾದ ತೂಕ.

ಮಸೂರಿಅಕ್ಕಿ
ಆ 12 ಹಳ್ಳಿ ಆರಿಸಿದ್ದು ಯಾರು?

ದಂಡಕಾರಣ್ಯ_ದಾರಿ
ರಾಜ್ಯ ಸರ್ಕಾರ. ರಾಯಗಡದಲ್ಲಿ 7, ಕಾಳಹಂಡಿಯಲ್ಲಿ 5. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿವೆ, ಹನ್ನೆರಡನ್ನೇ ಕೇಳುವುದು ಸರಿಯಲ್ಲ ಎಂದು ಕೇಂದ್ರ ಬುಡಕಟ್ಟು ಸಚಿವಾಲಯವೇ ಆಕ್ಷೇಪಿಸಿತ್ತು. ಆದರೂ ಹನ್ನೆರಡಕ್ಕೆ ಹನ್ನೆರಡೂ ಬೇಡ ಅಂದವು. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳು ನೇಮಿಸಿದ ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ಪ್ರತಿ ಸಭೆಯಲ್ಲಿ ವೀಕ್ಷಕರಾಗಿ ಕೂತಿದ್ದರು. ನನ್ನ ಪ್ರಕಾರ ಹೊಂಗೆನೆರಳು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದೇ. ಆಮೇಲೆ ಆ ನಡವಳಿಯನ್ನು (ಸಭೆಯ ಲಿಖಿತ ದಾಖಲೆ) ಯಾರೂ ತಿದ್ದಲಾಗಲಿಲ್ಲ. ಬೇರೆ ಯಾವ ಊರಿಗೂ ಆ ಕಾವಲು ಸಿಕ್ಕಿಲ್ಲ.

ಹಸ್ದೇವ್ ನೋಡಿ. ಘಾಟ್‌ಬರ್ರಾ ಹಳ್ಳಿಗೆ 2013ರಲ್ಲಿ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತ್ತು. 2016ರ ಜನವರಿಯಲ್ಲಿ ಅದನ್ನು ರದ್ದು ಮಾಡಿದರು, ಕಾಯ್ದೆಯಲ್ಲಿ ಹಾಗೆ ರದ್ದು ಮಾಡುವ ಕಲಮೇ ಇಲ್ಲ. ಅಲ್ಲಿನ ಪರ್ಸಾ ಕಲ್ಲಿದ್ದಲು ಬ್ಲಾಕಿನ ಸಾಲ್ಹಿ, ಹರಿಹರಪುರ, ಫತೇಪುರದವರು ತಮ್ಮ ಹೆಸರಿನ ಒಪ್ಪಿಗೆ ಠರಾವು ನಕಲಿ ಎಂದು ದೂರು ಕೊಟ್ಟು, 2021ರ ಅಕ್ಟೋಬರಿನಲ್ಲಿ 300 ಕಿ.ಮೀ. ನಡೆದು ರಾಯ್‌ಪುರಕ್ಕೆ ಹೋದರು. ಜೊತೆಗೆ ಕಲ್ಲಿದ್ದಲಿಗೆ 1957ರ ಪ್ರತ್ಯೇಕ ಸ್ವಾಧೀನ ಕಾಯ್ದೆ ಇದೆ. ಅದರಲ್ಲಿ ಒಪ್ಪಿಗೆ ಕೇಳುವ ಮಾತೇ ಇಲ್ಲ. ಬಾಕ್ಸೈಟಿಗೆ ಅಂಥ ಕಾಯ್ದೆ ಇರಲಿಲ್ಲ. ನಿಯಮಗಿರಿಗೆ ಅದೊಂದು ಅನುಕೂಲ.

ನೇಗಿಲಗೆರೆ
ನಕಲಿ ಠರಾವು ಹೇಗೆ ಹುಟ್ಟುತ್ತೆ? ಸಹಿ ಇರಲೇಬೇಕಲ್ವಾ?

ಕಡತಮನೆ
ಸಹಿ ಅಸಲಿಯೇ ಇರಬಹುದು, ಮೇಲಿನ ಬರಹ ಬೇರೆಯದಾಗಿರುತ್ತದೆ. ಒಂದು ಹಾಜರಿ ಹಾಳೆ ಕಲ್ಪಿಸಿಕೊಳ್ಳಿ: ಕ್ರಮಸಂಖ್ಯೆ, ಹೆಸರು, ಸಹಿ ಅಥವಾ ಹೆಬ್ಬೆಟ್ಟು, ಮೂರು ಕಾಲಂ. ತಲೆಬರಹದ ಜಾಗ ಖಾಲಿ. ರೇಷನ್ ಕಾರ್ಡ್ ತಿದ್ದುಪಡಿ, ಸೊಳ್ಳೆಪರದೆ ಹಂಚಿಕೆ ಎಂದು ಸಭೆ ಕರೆಯುತ್ತಾರೆ, ಜನ ಸಾಲಾಗಿ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಆಮೇಲೆ ಆ ಖಾಲಿ ತಲೆಬರಹದಲ್ಲಿ "ಗಣಿ ಯೋಜನೆಗೆ ಸರ್ವಾನುಮತದ ಒಪ್ಪಿಗೆ" ಎಂದು ತುಂಬಿಸಿದರೆ ಕಡತದಲ್ಲಿ ಅದು ಗ್ರಾಮಸಭೆಯ ನಡವಳಿ. ಇನ್ನೊಂದು ದಾರಿ, ನಡವಳಿಯ ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡುವುದು. "ಇತರೆ ವಿಷಯಗಳನ್ನು ಚರ್ಚಿಸಲಾಯಿತು" ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿಸಿ, ಏನು ವಿಷಯ ಎಂದು ಬರೆಸಿ.

ತಡೆಯುವುದು ಹೀಗೆ. ಠರಾವು ಪೂರ್ತಿ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಖಾಲಿ ಜಾಗಕ್ಕೆ ಅಡ್ಡಗೆರೆ. ಪ್ರತಿ ಹಾಳೆಯ ಮೇಲೂ ಹಾಡಿ ಹೆಸರು, ದಿನಾಂಕ, ವಿಷಯ, "5ರಲ್ಲಿ 2ನೇ ಪುಟ" ಎಂಬಂತೆ ಪುಟಸಂಖ್ಯೆ. ಒಟ್ಟು ಸದಸ್ಯರೆಷ್ಟು, ಬಂದವರೆಷ್ಟು, ಅದರಲ್ಲಿ ಮಹಿಳೆಯರೆಷ್ಟು ಎಂದು ಅಂಕಿ ಮತ್ತು ಅಕ್ಷರ ಎರಡರಲ್ಲೂ. ಹೆಬ್ಬೆಟ್ಟಿನ ಪಕ್ಕ ಅದು ಯಾರದು ಎಂದು ಬರೆದವರ ಸಹಿ. ಎಲ್ಲ ಪುಟಗಳ ಫೋಟೊ ಅಲ್ಲೇ, ಸಭೆ ಮುಗಿಯುವ ಮುಂಚೆ. ಮೂಲ ಪುಸ್ತಕ ಹಾಡಿಯಲ್ಲೇ ಉಳಿಯಬೇಕು, ಹೊರಗೆ ಹೋಗುವುದು ಪ್ರತಿ ಮಾತ್ರ. "ನಾಳೆ ಜೆರಾಕ್ಸ್ ಮಾಡಿಸಿ ಕೊಡ್ತೀವಿ" ಎಂದರೂ ಪುಸ್ತಕ ಕೊಡಬೇಡಿ.

ಕಾವೇರಿಕಟ್ಟೆ
ಭಾಷೆಯ ವಿಷಯವೂ ಸೇರಿಸಿ. ಡೊಂಗರಿಯಾ ಜನ ಮಾತಾಡುವುದು ಕುವಿ, ಸರ್ಕಾರಿ ಕಡತ ಒಡಿಯಾ. ಕುವಿ ನಮ್ಮ ದ್ರಾವಿಡ ಕುಟುಂಬದ್ದೇ, ಕುಯಿ, ಗೊಂಡಿ, ತೆಲುಗಿನ ಗುಂಪಿಗೆ ಸೇರುತ್ತದೆ. ಹೇಳಿದ್ದನ್ನು ದುಭಾಷಿ ಅರ್ಧಕ್ಕೆ ಮೊಟಕು ಮಾಡಿದರೆ ಠರಾವೇ ಬದಲಾಗುತ್ತದೆ. ಅದಕ್ಕೇ ಬರೆದದ್ದನ್ನು ಅವರ ಮಾತಿನಲ್ಲಿ ತಿರುಗಿ ಓದಿ ಹೇಳುವುದು ಮುಖ್ಯ. ಜೇನುಕುರುಬ, ಕೊರಗ ಹಿರಿಯರು ಇರುವ ಸಭೆಗೂ ಇದು ಅನ್ವಯಿಸುತ್ತದೆ. ಕನ್ನಡದಲ್ಲಿ ಬರೆದರೆ ಎಲ್ಲರಿಗೂ ಅರ್ಥವಾಯಿತು ಅಂದುಕೊಳ್ಳಬಾರದು.

ಮಸೂರಿಅಕ್ಕಿ
ಸ್ವಲ್ಪ ಬೇರೆ ವಿಷಯ, ಅವರು ಬೆಳೆಯೋದು ಏನು?

ಕಾವೇರಿಕಟ್ಟೆ
ಇಳಿಜಾರಿನಲ್ಲಿ ಅನಾನಸ್, ಅರಿಶಿನ, ಶುಂಠಿ, ಬಾಳೆ, ಕಿತ್ತಳೆ, ಜೊತೆಗೆ ಸಿರಿಧಾನ್ಯ. ನಮ್ಮ ರಾಗಿ ಅಲ್ಲಿ ಮಂಡಿಯಾ. "ಬೆಟ್ಟದಲ್ಲಿ ಬರೀ ಬಡತನ" ಎನ್ನುವವರು ಕೆಳಗಿನ ಸಂತೆಗೆ ಅವರ ಅನಾನಸ್, ಅರಿಶಿನ ಇಳಿಯುವುದನ್ನು ನೋಡಬೇಕು.

ಲೋಹಪಥ
ಕೊನೆಯದಾಗಿ ಒಂದು. ನಿಯಮಗಿರಿಯ ಗಣಿ ನಿಂತರೂ ರಿಫೈನರಿ ನಿಂತಿಲ್ಲ. ಅದಿರು ಬೇರೆ ಕಡೆಯಿಂದ ಬರುತ್ತಿದೆ. 2023ರಲ್ಲಿ ಅದೇ ಜಿಲ್ಲೆಗಳ ಸಿಜಿಮಾಲಿ ಬೆಟ್ಟ ಹರಾಜಾಯಿತು, ವೇದಾಂತಕ್ಕೇ. ಅಂದಾಜು 31 ಕೋಟಿ ಟನ್. ಹಾಗಾದರೆ ಗೆದ್ದದ್ದು ಏನು?

ದಂಡಕಾರಣ್ಯ_ದಾರಿ
ಒಂದು ಬೆಟ್ಟ ಗೆದ್ದರು, ಅದು ಇವತ್ತಿಗೂ ಇದೆ. ಪಕ್ಕದ ಬಾಫ್ಲಿಮಾಲಿ ಬೆಟ್ಟ ನೋಡಿ. ಅಲ್ಲಿ ಹೋರಾಟ 1990ರ ದಶಕದಲ್ಲೇ ಶುರುವಾಗಿತ್ತು, 2000ದ ಡಿಸೆಂಬರ್ 16ರಂದು ಮೈಕಂಚ್‌ನಲ್ಲಿ ಪೊಲೀಸ್ ಗುಂಡಿಗೆ ಮೂವರು ಆದಿವಾಸಿಗಳು ಸತ್ತರು. ಆಗ ಅರಣ್ಯ ಹಕ್ಕು ಕಾಯ್ದೆಯೇ ಇರಲಿಲ್ಲ. ಇವತ್ತು ಅಲ್ಲಿ ಗಣಿ ನಡೆಯುತ್ತಿದೆ. ಸಿಜಿಮಾಲಿಯಲ್ಲಿ ನೀವು ಹೇಳಿದ್ದು ನಿಜ, ಮತ್ತೆ ಅದೇ ಜಗಳ: ಗ್ರಾಮಸಭೆಗಳು ಒಪ್ಪಿವೆ ಎಂದು ಕಡತ ಹೇಳುತ್ತದೆ, ಅಂಥ ಸಭೆಯೇ ನಡೆದಿಲ್ಲ ಎಂದು ಹಳ್ಳಿಯವರು ಹೇಳುತ್ತಾರೆ. ಜೊತೆಗೆ 2022ರ ಅರಣ್ಯ ಸಂರಕ್ಷಣಾ ನಿಯಮ ಬಂದ ಮೇಲೆ ಕೇಂದ್ರ ಮೊದಲು ಒಪ್ಪಿಗೆ ಕೊಡಬಹುದು, ಹಕ್ಕು ಇತ್ಯರ್ಥ ಆಮೇಲೆ ರಾಜ್ಯದ ತಲೆಗೆ. ನಿಯಮಗಿರಿ ಕಾಲದ ಬೇಲಿ ಈಗ ಸಡಿಲ. ಗಣಿ ಸುದ್ದಿ ಬಂದ ಮೇಲೆ ನಮೂನೆ ಸಿ ತುಂಬಲು ಕೂತರೆ ತಡವಾಗಿರುತ್ತದೆ ಎನ್ನುವುದು ಇದಕ್ಕೇ.

ಹೊಂಗೆನೆರಳು
ಪೆಸಾ (ಅನುಸೂಚಿತ ಪ್ರದೇಶಗಳ ಪಂಚಾಯತ್) ಕಾಯ್ದೆ ಬಳಸೋಕೆ ಆಗಲ್ವಾ ನಮ್ಮಲ್ಲಿ?

ಕಡತಮನೆ
ಆಗುವುದಿಲ್ಲ. ಪೆಸಾ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಒಂದು ಪ್ರದೇಶವೂ ಇಲ್ಲ. ನಮಗಿರುವುದು ಅರಣ್ಯ ಹಕ್ಕು ಕಾಯ್ದೆ ಒಂದೇ. ಜೇನುಕುರುಬ ಮತ್ತು ಕೊರಗರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವುದರಿಂದ ಅವರಿಗೆ 3(1)(ಇ) ಅಡಿ ಆವಾಸ ಹಕ್ಕು ಕೇಳುವ ಅವಕಾಶವೂ ಇದೆ. ಅದು ಒಂದು ಹಾಡಿಯನ್ನು ಮೀರಿ ಇಡೀ ಸಂಚಾರದ ನೆಲಕ್ಕೆ ಅನ್ವಯಿಸುತ್ತದೆ.

ನೇಗಿಲಗೆರೆ
ಜಾಗ ಪರಿಶೀಲನೆಗೆ ಅರಣ್ಯ ಇಲಾಖೆಯವರು ಬರೋದೇ ಇಲ್ಲ, ಆಮೇಲೆ "ನಾವಿರಲಿಲ್ಲ" ಅಂತ ಆಕ್ಷೇಪ ಹಾಕ್ತಾರೆ. ಅದಕ್ಕೇನು?

ಪೋಡುದನಿ
ನಿಯಮ 12ಎ ಓದಿ. ಬರಲಿಲ್ಲ ಅಂತ ಆಮೇಲೆ ಆಕ್ಷೇಪ ಎತ್ತಿದ್ರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸ್ ಬರಬೇಕು. ಎರಡನೇ ಸಲವೂ ಅವರು ಬರದಿದ್ರೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಅದಕ್ಕೆ ಎರಡೂ ಸಲ ನೋಟಿಸ್ ಕೊಟ್ಟ ಸ್ವೀಕೃತಿ ಬೇಕು. ಬಾಯಿಮಾತಲ್ಲಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಚೇರಿಯಲ್ಲಿ ಮುದ್ರೆ ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿಯನ್ನ ನಡವಳಿ ಪುಸ್ತಕಕ್ಕೇ ಅಂಟಿಸಿ.

ಕಡತಮನೆ
ನಿಮ್ಮ ಊರಿನ ಹೆಸರಿನಲ್ಲಿ ಒಪ್ಪಿಗೆ ಠರಾವು ಈಗಾಗಲೇ ಇದೆಯೇ ಎಂದು ತಿಳಿಯಲು: ಮೊದಲು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಜಿಲ್ಲೆ ಹಾಕಿ ಅರಣ್ಯ ಪ್ರಸ್ತಾವಗಳನ್ನು ಹುಡುಕಿ, ಪ್ರಸ್ತಾವ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಡಿಸಿ ಕಚೇರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಲ್ಲಿ 150 ಪದಗಳ ಮಿತಿ, ಒಂದು ಅರ್ಜಿಗೆ ಒಂದೇ ವಿಷಯ. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಇಷ್ಟು ಸಾಕು:

"ಪ್ರಸ್ತಾವ ಸಂಖ್ಯೆ ಇಂಥದ್ದಕ್ಕೆ ಸಂಬಂಧಿಸಿ ಜಿಲ್ಲಾಧಿಕಾರಿಯವರು ನೀಡಿದ ಅರಣ್ಯ ಹಕ್ಕು ಪ್ರಮಾಣಪತ್ರ, ಅದಕ್ಕೆ ಲಗತ್ತಿಸಿದ ಗ್ರಾಮಸಭೆಯ ನೋಟಿಸ್, ನಡವಳಿ ಮತ್ತು ಹಾಜರಿ ಪಟ್ಟಿಯ ದೃಢೀಕೃತ ಪ್ರತಿಗಳನ್ನು ನೀಡಿ."

30 ದಿನ ಕಾಯಿರಿ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಹೊಂಗೆನೆರಳು
ಹಾಜರಿ ಪಟ್ಟಿ ಸಿಕ್ಕಿದ ಮೇಲೆ ಏನು ನೋಡಬೇಕು ಸರ್?

ಕಡತಮನೆ
ಸಭೆಯ ದಿನಾಂಕಕ್ಕೆ ಮುಂಚೆ ತೀರಿಕೊಂಡವರ ಹೆಸರು ಇದೆಯೇ. ಮತದಾರರ ಪಟ್ಟಿಯಲ್ಲಿ ಇಲ್ಲದವರು ಇದ್ದಾರೆಯೇ. ಸಹಿ ಹಾಕಬಲ್ಲವರ ಮುಂದೆ ಹೆಬ್ಬೆಟ್ಟು ಇದೆಯೇ. ಮಹಿಳೆಯರನ್ನು ಎಣಿಸಿ. ತಲೆಬರಹ ಮತ್ತು ಹೆಸರುಗಳು ಒಂದೇ ಕೈಬರಹವೇ, ಒಂದೇ ಶಾಯಿಯೇ ನೋಡಿ. ಅದೇ ದಿನ ಅದೇ ಅಧಿಕಾರಿ ಬೇರೆ ಊರಿನ ಸಭೆಯಲ್ಲೂ ಹಾಜರಿದ್ದರೆಂದು ಬರೆದಿದ್ದರೆ ಆ ಊರಿನ ನಡವಳಿಯನ್ನೂ ತರಿಸಿ, ಎರಡರ ಸಮಯವನ್ನು ಪಕ್ಕಪಕ್ಕ ಇಟ್ಟು ನೋಡಿ.

ಪೋಡುದನಿ
ನಮೂನೆ ಸಿ ತುಂಬಿಸುವಾಗ ಚೆಕ್ಕುಬಂದಿ ಬರೆಯೋ ಮಾದರಿ ಕೇಳಿದ್ರು ಇಬ್ಬರು. ಇಲ್ಲಿ ಹಾಕ್ತೀನಿ: "ಪೂರ್ವಕ್ಕೆ ಆನೆಹಳ್ಳ ಎರಡು ಕವಲಾಗುವ ಜಾಗ, ಪಶ್ಚಿಮಕ್ಕೆ ಜೋಡಿಬಂಡೆ, ಉತ್ತರಕ್ಕೆ ಹಳೇ ಕಾಲುದಾರಿ ಹಾಗೂ ಮೇಲಿನ ಹಾಡಿಯ ಗಡಿ, ದಕ್ಷಿಣಕ್ಕೆ ಮಾರಮ್ಮನ ಮತ್ತಿಮರ." ಮರದ ಹೆಸರು ಬರೆದ ಮೇಲೆ ಅದರ ಜಿಪಿಎಸ್ ಅಂಕಿಯನ್ನೂ ಬರೀರಿ. ಮರ ಬೀಳಬಹುದು.